ಅಪ್ಪ ಬರೆದ ಮೂಗು

ಕನ್ನಡ ಪತ್ರಿಕೆಯಲ್ಲಿ ದಿನವೂ ವ್ಯಂಗ್ಯಚಿತ್ರ ಬರೆಯಲು ಶುರುಮಾಡಿದ ಮೊದಲಿಗರಲ್ಲೊಬ್ಬರು ಚಾಮರಾಜಪೇಟೆಯಲ್ಲಿ ನಮ್ಮ ಪಕ್ಕದ ಮನೆಯವರು. ಮಾತಾಡುವಾಗಲೂ ಅವರ ಬೆರಳು ತೊಡೆಯ ಮೇಲೆ ಎದುರಿಗಿದ್ದವರ ಮುಖ ಬರೆಯುತ್ತಿತ್ತು. “ಗೆರೆ ಸೊಟ್ಟಗಿದ್ರೂ ಪರವಾಗಿಲ್ಲ, ಮನುಷ್ಯ ಸಿಗಬೇಕು” ಎನ್ನುತ್ತಿದ್ದರು.

ತೊಂಬತ್ತರ ದಶಕದಲ್ಲಿ, ಮೇಷ್ಟರಾಗಿದ್ದ ನಮ್ಮಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿ, ಬಾಯಿ ಒಂದು ಕಡೆ ವಾಲಿತು. ಅಪ್ಪ ಯಾರಿಗೂ ಮುಖ ತೋರಿಸದೆ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದರು. ಒಂದು ಬೆಳಿಗ್ಗೆ ಪಕ್ಕದ ಮನೆಯ ವ್ಯಂಗ್ಯಚಿತ್ರಕಾರರು ಬಂದು ಅಪ್ಪನ ಎಡಗೈಗೆ ಪೆನ್ಸಿಲ್ ಕೊಟ್ಟರು.

“ಮೇಷ್ಟ್ರೇ, ಊರವರನ್ನೆಲ್ಲ ನಾನು ಬರ್ದಿದ್ದಾಯ್ತು. ನನ್ನನ್ನ ನೀವು ಬರೀರಿ.”

ಅಪ್ಪ ಬದನೆಕಾಯಿಯಂಥ ಮೂಗೊಂದನ್ನು ಬರೆದರು. ಅವರು ತಮ್ಮ ಮೂಗು ಮುಟ್ಟಿ ನೋಡಿಕೊಂಡು ನಕ್ಕರು. ಅಪ್ಪನೂ ನಕ್ಕರು.

ಭಾನುವಾರದ ಪತ್ರಿಕೆಯಲ್ಲಿ, ಅವರ ವ್ಯಂಗ್ಯಚಿತ್ರ ಬರುವ ಜಾಗದಲ್ಲಿ ಆ ಮೂಗು ಅಚ್ಚಾಗಿತ್ತು, ಕೆಳಗೆ ಅಪ್ಪನ ಹೆಸರು. ಅವತ್ತು ಅಪ್ಪ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು, ಹೋಗಿಬರುವವರನ್ನೆಲ್ಲ ಕರೆದು ತೋರಿಸಿದರು.