ಸಂಗಮದಲ್ಲಿ ಬಿಟ್ಟ ಹಾಗಲಕಾಯಿ

ಮಾವನ ಮೊಪೆಡ್ಡಿನ ಕೀ ಅತ್ತೆಯ ಸೆರಗಿನ ಗಂಟು ಸೇರಿ ಆಗಲೇ ಒಂದು ಬೇಸಿಗೆ ಕಳೆದಿತ್ತು. ಕಣ್ಣಿಗೆ ಪೊರೆ ಬಂದಿದ್ದರೂ ಹಟ ಮಾಡಿ ಹುಲ್ಲಹಳ್ಳಿ ರಸ್ತೆಯಲ್ಲಿ ಗಾಡಿ ಓಡಿಸಿದವರು ನಾಲೆಯ ಏರಿ ಹತ್ತಿ ನಿಂತಿದ್ದರು. ಗಾಡಿಯೇ ಆ ಕಡೆ ತಿರುಗಿತು ಎಂಬುದು ಅವರ ವಾದ. ಆಪರೇಷನ್ ಆದರೆ ಕೀ ವಾಪಸ್ಸು ಎಂದು ಅತ್ತೆ ಹೇಳಿದ್ದರು. ಶುಗರ್ ಇಳಿದರೆ ಆಪರೇಷನ್ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಗಾಡಿಯಿಲ್ಲದ ಮಾವ ಜಗಲಿಯ ಮೇಲೆ ಕುಳಿತು ರಸ್ತೆಯಲ್ಲಿ ಹೋಗುವ ಗಾಡಿಗಳ ಸದ್ದನ್ನು ಕೇಳಿಯೇ ಯಾರದ್ದೆಂದು ಹೇಳುತ್ತಿದ್ದರು. ನೋಡಿದರೆ ಪಾಪ ಅನಿಸುತ್ತಿತ್ತು. ಆದರೆ ಸಿಹಿ ಬಿಡಲು ಮಾತ್ರ ಅವರಿಂದ ಆಗುತ್ತಿರಲಿಲ್ಲ.

ನಾನು ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿದವಳು. ನಂಜನಗೂಡಿನ ಈ ಮನೆಯಲ್ಲಿ ಅದು ಕೆಲಸಕ್ಕೆ ಬರುವ ದಿನ ಬಂತೆಂದು ಒಳಗೊಳಗೇ ಖುಷಿಪಟ್ಟೆ. ನನಗಿದ್ದದ್ದು ಮಾವನ ಕಣ್ಣಿನ ಚಿಂತೆಯೋ ನನ್ನ ಡಿಗ್ರಿಯ ಚಿಂತೆಯೋ, ಈಗ ಖಚಿತವಾಗಿ ಹೇಳಲಾರೆ.

ಆಸೆ ಹುಟ್ಟಿದ ಕೂಡಲೇ ತೀರಿಸದೆ ಹತ್ತು ನಿಮಿಷ ತಡೆದರೆ ಅದು ತಾನೇ ಇಳಿಯುತ್ತದೆ ಎಂದು ಓದಿದ್ದೆ. ಮಾವನಿಗೆ ಹಾಗೆಯೇ ಹೇಳಿದೆ. ಅವರು ಒಪ್ಪಿ, ರವೆಉಂಡೆಯ ಡಬ್ಬಿಯ ಎದುರಿಗೇ ಕುರ್ಚಿ ಹಾಕಿಕೊಂಡು ಕುಳಿತರು. ಗಡಿಯಾರದ ಮುಳ್ಳು ಕಾಣದ್ದರಿಂದ ಎಷ್ಟಾಯಿತೆಂದು ಗಳಿಗೆಗೊಮ್ಮೆ ನನ್ನನ್ನೇ ಕೇಳಿದರು. ಹತ್ತಾಯಿತು ಎಂದದ್ದೇ ಕೈ ಚಾಚಿದರು.

“ನೀ ಏಳ್ದಂಗೇ ತಡ್ಕಂಡಿವ್ನಿ ಕಣವ್ವ. ಈಗ ಕೊಡು.”

ಅವರ ಆಸೆ ಇಳಿದಿರಲಿಲ್ಲ, ಸರದಿಯಲ್ಲಿ ನಿಂತು ಕಾಯುತ್ತಿತ್ತು. ಉಂಡೆಯ ಡಬ್ಬಿಯನ್ನು ಅಟ್ಟಕ್ಕೇರಿಸಿದೆ. ಮಾವ ಕಾಫಿಗೆ ಸಕ್ಕರೆ ಹೆಚ್ಚು ಹಾಕಿಸಿಕೊಂಡರು. ಅತ್ತೆ ಹಾಗಲಕಾಯಿ ಶುರುಮಾಡಿದರು. ಬೆಳಿಗ್ಗೆ ಅದರ ರಸ, ಮಧ್ಯಾಹ್ನ ಪಲ್ಯ, ರಾತ್ರಿ ಗೊಜ್ಜು. ರಸ ಕುಡಿದ ಕಹಿ ಹೋಗಲೆಂದು ಮಾವ ಇನ್ನೊಂದು ಲೋಟ ಕಾಫಿ ಕೇಳುತ್ತಿದ್ದರು.

ಕೊನೆಗೆ ಅತ್ತೆ ತವರಿನ ಪದ್ಧತಿಗೆ ಕೈಹಾಕಿದರು. ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ತಿನಿಸನ್ನು ಗಂಗೆಯಲ್ಲಿ ಬಿಟ್ಟು ಬರುತ್ತಾರೆ, ಮತ್ತೆ ಬದುಕಿರುವ ತನಕ ಮುಟ್ಟುವುದಿಲ್ಲ. ಕಾಶಿಗೆ ಹೋಗಲಾಗದವರಿಗೆ ನರಸೀಪುರದ ಸಂಗಮವೇ ಸಾಕೆಂಬುದು ಅತ್ತೆಯ ತವರಿನವರ ಲೆಕ್ಕ. ಡಾಕ್ಟರ ಮಾತನ್ನೋ ಸೊಸೆಯ ಮಾತನ್ನೋ ಮೀರಬಹುದು, ಆದರೆ ನೀರಿನಲ್ಲಿ ನಿಂತು ಆಡಿದ್ದನ್ನು ಈ ಮನೆಯಲ್ಲಿ ಯಾರೂ ಮೀರಿದವರಿಲ್ಲ. ಮಾವ ತಕರಾರಿಲ್ಲದೆ ಒಪ್ಪಿದರು. ಅಷ್ಟು ಸುಲಭವಾಗಿ ಒಪ್ಪಿದ್ದು ಏಕೆಂದು ಆಗಲೇ ಯೋಚಿಸಬೇಕಿತ್ತು.

ನಾಲ್ವರೂ ಬಸ್ಸು ಹತ್ತಿ ಹೋದೆವು. ಆ ಬೆಳಿಗ್ಗೆ ಚುರುಗುಡುವ ಬಿಸಿಲಿತ್ತೆಂದು ನನ್ನ ನೆನಪು. ಮೋಡವಿತ್ತು ಎನ್ನುತ್ತಾರೆ ನನ್ನ ಗಂಡ. ಮುಂದೆ ನಡೆದದ್ದರ ಬಗ್ಗೆ ಮಾತ್ರ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯವಿಲ್ಲ. ಸೊಂಟದುದ್ದ ನೀರಿನಲ್ಲಿ ಅತ್ತೆಯ ಪಕ್ಕ ನಿಂತಿದ್ದ ಮಾವ ಮೂರು ಸಲ ಮುಳುಗಿ ಎದ್ದು, ಮುಖ ಒರೆಸಿಕೊಂಡು, ದಡದಲ್ಲಿದ್ದ ನಮಗೂ ಕೇಳುವಂತೆ ಹೇಳಿದರು.

“ಆಗ್ಲಕಾಯ್ ಬುಟ್ಟೆ.”

ನನ್ನ ಗಂಡ ಬೆನ್ನು ತಿರುಗಿಸಿ ನಿಂತರು. ಅವರ ಭುಜ ಕುಣಿಯುತ್ತಿತ್ತು. ಬಿಡಬೇಕಾದ್ದು ಇಷ್ಟವಾದದ್ದನ್ನು ಅಲ್ಲವೇ ಎಂದು ಅತ್ತೆ ಮೆಲ್ಲನೆ ಕೇಳಿದರು.

“ದಿನಾ ತಿಂದೂ ತಿಂದೂ ಅದ್ರ ಮ್ಯಾಲೇ ಆಸೆ ಬಂದ್ಬುಟ್ಟಿತ್ತು ಕಣೆ,” ಎಂದರು ಮಾವ.

ಅತ್ತೆ ಬೈಯಲಿಲ್ಲ. ಮೂಗು ಹಿಡಿದುಕೊಂಡು ತಾವೂ ಮೂರು ಸಲ ಮುಳುಗಿದರು. ಎದ್ದವರೇ, “ನಾ ಸಕ್ರೆ ಡಬ್ಬ ಮುಟ್ಟೋದ ಬುಟ್ಟೆ,” ಎಂದರು.

“ತಿನ್ನೋದ ಬುಡ್ತಾರೆ. ಮುಟ್ಟೋದ ಯಾರಾದ್ರೂ ಬುಟ್ಟವ್ರಾ?”

“ಆಗ್ಲಕಾಯ್ ಬುಟ್ಟೋರೂ ನಿಮಗಿಂತ ಮೊದ್ಲು ಯಾರೂ ಇರ್ನಿಲ್ಲ.”

ಮರುದಿನದಿಂದ ಸಕ್ಕರೆಯಿಲ್ಲದ ಕಾಫಿ ಬಂತು. ಡಬ್ಬವನ್ನು ಯಾರೂ ಬಚ್ಚಿಡಲಿಲ್ಲ, ಅಡುಗೆಮನೆಯ ಗೂಡಿನಲ್ಲಿ ಇದ್ದ ಹಾಗೇ ಇತ್ತು. ಮಾವ ನನ್ನ ಕಡೆ ನೋಡಿದರು. ನಾನು ಯಾವ ನೀರಿಗೂ ಇಳಿದವಳಲ್ಲ, ಹಾಕಿಕೊಡಬಹುದಿತ್ತು. ಆದರೆ ಅತ್ತೆ ನನ್ನನ್ನೇ ನೋಡುತ್ತಿದ್ದರು. ಎದ್ದು ಹಾಕಿಕೊಳ್ಳಿ ಮಾವ ಎಂದುಬಿಟ್ಟೆ. ಅವರು ಆ ವಯಸ್ಸಿನವರೆಗೆ ಅಡುಗೆಮನೆಯೊಳಗೆ ಲೋಟ ಹಿಡಿದು ಹೋದವರಲ್ಲ. ಆಸೆಗೂ ಸೋಮಾರಿತನಕ್ಕೂ ಅಲ್ಲೊಂದು ಜಗಳ ನಡೆಯಿತು. ಬಹಳ ದಿನ ಸೋಮಾರಿತನವೇ ಗೆದ್ದಿತು. ಪಡೆಯಲು ಶ್ರಮವಾದರೆ ಆಸೆ ಕುಗ್ಗುತ್ತದೆಂದು ನಾನು ಓದಿದ್ದೂ ಇದನ್ನೇ ಎಂದು ಗಂಡನಿಗೆ ಹೇಳಿದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ.

ಒಂದು ಬೆಳಿಗ್ಗೆ ಮಾವ ಎದ್ದೇಬಿಟ್ಟರು. ತಡವರಿಸುತ್ತಾ ಗೂಡಿಗೆ ಕೈಹಾಕಿ ಒಂದು ಡಬ್ಬ ತೆಗೆದು, ಎರಡು ಚಮಚ ತುಂಬ ಹಾಕಿಕೊಂಡು, ಗೆದ್ದವರಂತೆ ಬಂದು ಕುಳಿತರು. ಒಂದು ಗುಟುಕು ಕುಡಿದು ಲೋಟ ಕೆಳಗಿಳಿಸಿದರು. ಅತ್ತೆ ಕೊತ್ತಂಬರಿ ಸೊಪ್ಪು ಬಿಡಿಸುತ್ತಾ ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಎಂದ ಮಾವ ಮುಖದ ಒಂದು ಗೆರೆಯನ್ನೂ ಅಲುಗಿಸದೆ ಲೋಟ ಖಾಲಿ ಮಾಡಿದರು. ಆಮೇಲೆ ಲೋಟದ ತಳಕ್ಕೆ ಬೆರಳದ್ದಿ ನಾಲಿಗೆಗೆ ಹಚ್ಚಿ ನೋಡಿದೆ. ಪುಡಿ ಉಪ್ಪು. ಆತ್ಮಸಂಯಮ ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು.

ಆ ದಿನದ ನಂತರ ಅವರು ಗೂಡಿನ ಕಡೆ ಹೋಗಲಿಲ್ಲ. ಅತ್ತೆಯೂ ತಮ್ಮ ಕಾಫಿಯನ್ನು ಸಪ್ಪೆಯಾಗಿಯೇ ಕುಡಿಯುತ್ತಿದ್ದರು. ಡಬ್ಬ ಮುಟ್ಟುವಂತಿಲ್ಲ, ಇನ್ನೊಬ್ಬರನ್ನು ಕೇಳುವ ಜಾಯಮಾನವಲ್ಲ. ಮಾವನಿಗಿಂತ ಹೆಚ್ಚು ಸಿಹಿ ಇಷ್ಟಪಡುತ್ತಿದ್ದವರು ಅವರೇ ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಶುಗರ್ ಡಾಕ್ಟರು ಒಪ್ಪುವಷ್ಟು ಇಳಿದಿತ್ತು. ಆಪರೇಷನ್ ಆಯಿತು. ಗಾಡಿ ಓಡಿಸಬಹುದು ಎಂದು ಡಾಕ್ಟರು ಹೇಳಿದ ದಿನ ಅತ್ತೆ ಸೆರಗಿನ ಗಂಟು ಬಿಚ್ಚಿ ಕೀ ಕೊಟ್ಟರು. ಮಾವ ಗಾಡಿಯ ಧೂಳು ಒರೆಸಿ, ಹಿಂದಿನ ಸೀಟನ್ನು ಎರಡೆರಡು ಸಲ ಒರೆಸಿ, “ಕೂತ್ಕ ಬಾ,” ಎಂದರು.

ಇಬ್ಬರೂ ಹೋದವರು ಹೊತ್ತು ಮುಳುಗುವಾಗ ಬಂದರು. ಮಾವ ಗಾಡಿಯನ್ನು ನೆಟ್ಟಗೆ ನಿಲ್ಲಿಸಿದರು. ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ನಡೆದರು. ಎಲ್ಲಿಗೆ ಹೋಗಿದ್ದಿರಿ, ಏನು ತಿಂದಿರಿ ಎಂದು ಕೇಳುವ ಆಸೆ ನನ್ನ ನಾಲಿಗೆಯ ತುದಿಗೇ ಬಂದಿತ್ತು. ಇಬ್ಬರ ಮುಖ ನೋಡಿ ನುಂಗಿಕೊಂಡೆ.