ನನ್ನ ಕುರ್ಚಿ ಬಿಡಿಸಿಕೊಟ್ಟ ಮಿಲ್ಟ್ರಿ ಬೋರೇಗೌಡರು

ನಮ್ಮ ಪುರಸಭೆಯ ಅಧ್ಯಕ್ಷರಾಗಿದ್ದ ಮಿಲ್ಟ್ರಿ ಬೋರೇಗೌಡರಿಗೆ ಎಡಗಿವಿ ಇರಲಿಲ್ಲ. ಗಡಿಯಲ್ಲಿದ್ದಾಗ ಷೆಲ್ಲಿನ ಚೂರೊಂದು ಅದನ್ನು ಹಾರಿಸಿಕೊಂಡು ಹೋಗಿ ಪಕ್ಕದವನ ಕುತ್ತಿಗೆಗೆ ನಾಟಿತ್ತಂತೆ. "ನಂದು ಬರೀ ಕಿವಿ ಓಯ್ತು, ಅವನ್ದು ಜೀವವೇ ಓಯ್ತು. ಇನ್ನ ನನ್ನ ಎದ್ರುಸೋನು ಯಾವನ್ಲಾ?" ಎನ್ನುತ್ತಿದ್ದರು. ಅವರದು ಕೈ ಮೊದಲು, ಮಾತು ಆಮೇಲೆ. ಚಿನಕುರಳಿ ಕಡೆಯ ಕಂಟ್ರಾಕ್ಟರನೊಬ್ಬ ಸಿಮೆಂಟಿಗಿಂತ ಕಲ್ಲುಪುಡಿಯೇ ಹೆಚ್ಚು ಹಾಕಿ ಚರಂಡಿ ಕಟ್ಟಿದಾಗ, ಗೋಡೆಯನ್ನು ಬೂಟುಗಾಲಿನಲ್ಲಿ ಒದ್ದು ಕೆಡವಿ, ಆ ಪುಡಿಯನ್ನೇ ಅವನ ಬಾಯಿಗೆ ತುರುಕಲು ಹೋಗಿದ್ದರು. ಮಾಡಿದ್ದು ತಪ್ಪೇ. ಆದರೆ ಆಮೇಲೆ ಕಟ್ಟಿದ ಚರಂಡಿ ಇವತ್ತಿಗೂ ಗಟ್ಟಿಯಾಗಿದೆ.

ನಾನು ಮಹಿಳಾ ಮೀಸಲಿನಲ್ಲಿ ಗೆದ್ದ ಸದಸ್ಯೆ. ಗೆದ್ದವಳು ನಾನು, ಸಭೆಯಲ್ಲಿ ಕೂರುತ್ತಿದ್ದವನು ನನ್ನ ಗಂಡ. ಅವನು ತೋರಿಸಿದ ಕಡೆ ಸಹಿ ಹಾಕುವುದು ನನ್ನ ಕೆಲಸ, ತಡಮಾಡಿದರೆ ಕಪಾಳಕ್ಕೆ ಏಟು. ಊರಿಗೆಲ್ಲ ಗೊತ್ತಿತ್ತು, ಕೇಳಿದವರಿಲ್ಲ. ಬೋರೇಗೌಡರು ಅಧ್ಯಕ್ಷರಾದ ಮೊದಲ ಸಭೆಯಲ್ಲೇ ಕೇಳಿದರು.

"ಲೇ, ಓಟು ಬಿದ್ದಿರೋದು ಆ ಯಮ್ಮಂಗೆ. ನೀನ್ಯಾಕ್ಲಾ ಕುಂತಿದ್ದೀಯ?"

"ಅದು ನಮ್ಮನೆ ಇಸ್ಯ, ಗೌಡ್ರೆ."

ಕೊರಳಪಟ್ಟಿ ಹಿಡಿದು ದರದರ ಎಳೆದೊಯ್ದು ಮೆಟ್ಟಿಲ ಕೆಳಗೆ ನೂಕಿದರು. ಜೀಪು ಕಳಿಸಿ ನನ್ನನ್ನು ಕರೆಸಿದರು. "ಕುಂತ್ಕೊ ಕಣವ್ವ. ನಾ ಗಡಿ ಕಾದಂಗೆ ನೀನು ಈ ಕುರ್ಚಿ ಕಾಯಿ," ಎಂದರು.

ಅಂದು ಮನೆಯಲ್ಲಿ ಗಂಡ ನನ್ನ ಕೈ ಮುರಿದ. ಬ್ಯಾಂಡೇಜು ನೋಡಿದ ಗೌಡರು ಅವನನ್ನು ಹೊಡೆಯಲು ಹೋಗುತ್ತಾರೆಂದು ಹೆದರಿದ್ದೆ. ಹೋಗಲಿಲ್ಲ. ನನ್ನನ್ನು ಪೊಲೀಸ್ ಠಾಣೆಗೆ ಕರೆದೊಯ್ದರು. "ನಾ ಒಡುದ್ರೆ ಒಂದಿನ ಸುಮ್ಕಿರ್ತಾನೆ. ನೀನೇ ಬಾಯ್ಬುಟ್ರೆ ಬಾಲ ಮುದುರ್ಕೊಂಡಿರ್ತಾನೆ."

ನಾನು ದೂರು ಕೊಟ್ಟೆ. ಕೆಲವು ತಿಂಗಳು ಅವನು ಸುಮ್ಮನಿದ್ದದ್ದೂ ನಿಜ. ಒಂದು ಸಂಜೆ ಕೆ.ಆರ್.ಎಸ್. ರಸ್ತೆಯಲ್ಲಿ ಯಾರೋ ಗೌಡರ ಸ್ಕೂಟರನ್ನು ಅಡ್ಡಗಟ್ಟಿ ಕಬ್ಬಿಣದ ರಾಡಿನಲ್ಲಿ ತಲೆ ಒಡೆದರು. ನನ್ನ ಗಂಡ ಮನೆಗೆ ಬಂದು ರಕ್ತದ ಅಂಗಿಯನ್ನು ನನ್ನ ಮುಂದೆ ಎಸೆದು, "ಒಗುದಾಕು," ಎಂದ.

ಗೌಡರನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದ್ದಾರೆಂದು ಗೊತ್ತಾಗಿ ಅಲ್ಲಿಗೆ ಓಡಿದೆ. ಗೌಡರಿಗೆ ಇನ್ನೂ ಎಚ್ಚರವಿತ್ತು. "ನಾಳೆ ಮೀಟಿಂಗ್ ಐತಲ್ಲವ್ವ, ಇಲ್ಯಾಕ್ ನಿಂತಿದ್ದೀಯ?" ಎಂದು ಗದರಿದರು. ಮರುದಿನ ಮಧ್ಯಾಹ್ನ ತೀರಿಕೊಂಡರು. ಬಾವುಟ ಹೊದಿಸಿ ಮಣ್ಣು ಮಾಡಿದರು. ಹೆತ್ತ ಅಪ್ಪ ಸತ್ತಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ಸಂತಾಪ ಸಭೆಯಲ್ಲಿ ಎಲ್ಲರೂ ಅವರ ಸೈನ್ಯದ ಸೇವೆ, ಊರಿನ ಸೇವೆ ಎರಡನ್ನೂ ಹೊಗಳಿದರು. ಕೊಂದವರ ಸುದ್ದಿ ಯಾರೂ ಎತ್ತಲಿಲ್ಲ. ನನ್ನ ಸರದಿ ಬಂತು. ಗಂಡ ಬಾಗಿಲಲ್ಲೇ ನಿಂತಿದ್ದ. ಎದ್ದು ನಿಂತೆ.

"ಗೌಡ್ರನ್ನ ಕೊಂದೋನು ನನ್ ಗಂಡ," ಎಂದೆ. "ಅಂಗಿ ಒಗುದಿಲ್ಲ, ಅಂಗೇ ಮಡಗಿದ್ದೀನಿ."