ಚುಕ್ಕೆಗೆರೆಯ ಅನಂತ ಮಾಸ್ತರರು

ಮಾರ್ಚ್ ತಿಂಗಳ ಉರಿಬಿಸಿಲು. ನಾಯಿಗಳು ಸಹ ನೆರಳು ಬಿಟ್ಟು ಏಳದ ಮಧ್ಯಾಹ್ನ. ಅಂಥ ಹೊತ್ತಿನಲ್ಲಿ ಕರಿಕೋಟು ತೊಟ್ಟವರೊಬ್ಬರು ಕೊಡೆ ಬಿಡಿಸಿಕೊಂಡು, ಕೆರೆಯ ನಟ್ಟನಡುವೆ ಬಾಳೆದಿಂಡಿನ ತೆಪ್ಪದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರೆ ನೀವು ಏನೆಂದುಕೊಳ್ಳುತ್ತೀರಿ? ಮೂಡುಬಿದಿರೆಗೆ ಡ್ರಾಯಿಂಗ್ ಮಾಸ್ತರನಾಗಿ ಬಂದ ಮೊದಲ ಭಾನುವಾರ ನಾನು ಅಂದುಕೊಂಡದ್ದನ್ನು ಇಲ್ಲಿ ಬರೆಯುವುದು ಬೇಡ. ಮರುದಿನ ಶಾಲೆಗೆ ಹೋದರೆ ಅದೇ ಕರಿಕೋಟು ನನ್ನ ಪಕ್ಕದ ಕುರ್ಚಿಯಲ್ಲಿತ್ತು. ಅವರೇ ವಿಜ್ಞಾನದ ಅನಂತ ಮಾಸ್ತರರು.

ಆ ಊರಿಗೆ ಹದಿನೆಂಟು ಕೆರೆ ಎಂದು ಹೇಳುತ್ತಾರೆ. ಮಾಸ್ತರರಿಗೆ ಒಂದೇ ಸಾಕಾಗಿತ್ತು. ಬೆಳಿಗ್ಗೆ ಶಾಲೆಗೆ ಮೊದಲು, ಸಂಜೆ ಶಾಲೆ ಬಿಟ್ಟ ಮೇಲೆ, ರಜೆಯಿದ್ದರೆ ಮಧ್ಯಾಹ್ನವೂ ಅವರು ಆ ನೀರಿನ ಬಿಸಿ ಅಳೆಯುತ್ತಿದ್ದರು. ಸಲಕರಣೆ ಅಂದರೆ ಒಂದು ಔಷಧಿ ಬಾಟ್ಲಿ, ಅದರ ಬುಡಕ್ಕೆ ಕಟ್ಟಿದ ಕಲ್ಲು, ಎರಡು ಹಗ್ಗ, ಶಾಲೆಯ ಥರ್ಮಾಮೀಟರು. ಬಿರಡೆ ಹಾಕಿದ ಬಾಟ್ಲಿಯನ್ನು ಕೆರೆಯ ತಳಕ್ಕೆ ಇಳಿಸಿ, ಇನ್ನೊಂದು ಹಗ್ಗದಿಂದ ಬಿರಡೆ ಕಿತ್ತರೆ ತಳದ ನೀರೇ ತುಂಬಿಕೊಂಡು ಬರುತ್ತಿತ್ತು. ಮೇಲಿನ ನೀರು ಎಷ್ಟು ಬಿಸಿ, ನಡುವಿನದು ಎಷ್ಟು, ಅಡಿಯದು ಎಷ್ಟು ಎಂದು ದಪ್ಪ ಪುಸ್ತಕದಲ್ಲಿ ಬರೆಯುತ್ತಿದ್ದರು. ಬಿಸಿಲಿನಿಂದ ಕೆರೆಗೆ ಬಂದ ಬಿಸಿ, ಗಾಳಿಗೆ ಹೋದ ಬಿಸಿ ಎಲ್ಲ ಕೂಡಿಸಿ ಕಳೆದು, ನಾಳೆ ಕೆರೆ ಹೇಗಿದ್ದೀತು ಎಂದು ಇವತ್ತೇ ಲೆಕ್ಕ ಹಾಕುವುದು. ಮರುದಿನ ಅಳೆದು ನೋಡುವುದು. ತಪ್ಪಿದರೆ ಕೆಂಪು ಪೆನ್ಸಿಲಿನಲ್ಲಿ ಗುರುತು. ಆ ಪುಸ್ತಕದಲ್ಲಿ ಕೆಂಪಿಗೆ ಏನೂ ಕಡಿಮೆ ಇರಲಿಲ್ಲ.

ಗೆರೆ ಎಳೆಯಲು ನಾನು ಸಿಕ್ಕಿದೆ. ದೊಡ್ಡ ಹಾಳೆಯಲ್ಲಿ ಅಳೆದದ್ದಕ್ಕೆಲ್ಲ ತುಂಬುಗೆರೆ, ಇನ್ನು ಮುಂದೆ ಆಗಬಹುದಾದದ್ದಕ್ಕೆ ಚುಕ್ಕೆಗೆರೆ. ಒಮ್ಮೆ ಸೋಮಾರಿತನದಿಂದ ನಾನು ಎರಡನ್ನೂ ಒಂದೇ ಎಳೆತದಲ್ಲಿ ಮುಗಿಸಿದೆ. ಎಂದೂ ದನಿ ಏರಿಸದ ಮನುಷ್ಯ ಅವತ್ತು ಹಾಳೆಯನ್ನೇ ಹರಿದರು.

"ಅಳೆದದ್ದು ಬೇರೆ, ಅಂದಾಜು ಬೇರೆ ಮಾರಾಯ್ರೇ. ನಾಳೆಯನ್ನು ನೀವು ನೋಡಿ ಬಂದಿದ್ದೀರಾ?"

ಆ ಕೆರೆಯಲ್ಲಿ ಮೀನಿತ್ತು. ಮಳೆಗಾಲದಲ್ಲಿ ಬಂಟ್ವಾಳದ ಹೊಳೆಯಿಂದ ಮರಿಗಳನ್ನು ಮಡಕೆಯಲ್ಲಿ ತಂದು ಬಿಟ್ಟು ಸಾಕುತ್ತಿದ್ದವನು ಅದ್ರಾಮ ಬ್ಯಾರಿ. ಮಾಸ್ತರರ ತೆಪ್ಪವನ್ನು ಕಟ್ಟಿಕೊಟ್ಟವನೂ ಅವನೇ. ವರ್ಷಕ್ಕೆ ಒಂದೇ ದಿನ, ಮೇ ತಿಂಗಳ ಕೊನೆಗೆ ಬರುವ ತುಳುವರ ಕಟ್ಟಳೆಯ ದಿನ ಪತ್ತನಾಜೆಯಂದು, ಕೆರೆಗೆ ಬಲೆ ಬೀಳುತ್ತಿತ್ತು. ಅಲ್ಲಿಯವರೆಗೆ ಯಾರೂ ಗಾಳ ಸಹ ಹಾಕುವಂತಿರಲಿಲ್ಲ. ಅವತ್ತು ಕೆರೆಯ ಸುತ್ತಿನ ಮನೆಮನೆಗೂ ಒಂದು ಪಾಲು. ಉಳಿದದ್ದನ್ನು ಅದ್ರಾಮ ತೋಡಾರಿನವರೆಗೆ ಹೊತ್ತು ಮಾರಿ ಮಳೆಗಾಲದ ಅಕ್ಕಿ ತರುತ್ತಿದ್ದ. "ಮೀನು ಮುಟ್ಟದ ಭಟ್ರಿಗೆ ಮೀನಿನ ಕೆರೆಯಲ್ಲಿ ಎಂತ ಕೆಲಸ?" ಎಂದು ಊರವರು ತಮಾಷೆ ಮಾಡಿದರೆ ಮಾಸ್ತರರು, "ಮೀನಿಗೆ ಜ್ವರ ಉಂಟಾ ನೋಡುದು," ಎನ್ನುತ್ತಿದ್ದರು.

ಇಸವಿ ಐವತ್ತೊಂಬತ್ತೋ ಅರವತ್ತೋ ಇರಬೇಕು. ರಸ್ತೆ ಅಗಲ ಮಾಡಲೆಂದು ಕೆರೆಯ ಪಡುದಿಕ್ಕಿನ ದೊಡ್ಡ ಮರಗಳನ್ನೆಲ್ಲ ಕಡಿದರು. ಆ ಬೇಸಗೆಯಲ್ಲಿ ಮಾಸ್ತರರ ನಗು ನಿಂತಿತು. ನೆರಳು ಹೋದ ಮೇಲೆ ಕೆರೆಯ ಮೇಲಿನ ನೀರು ಹಿಂದೆಂದೂ ಇಲ್ಲದಷ್ಟು ಕಾಯತೊಡಗಿತು. ತಳದ್ದು ತಣ್ಣಗೆ ಹಾಗೆಯೇ ಉಳಿಯಿತು. ಅವರು ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ದನಕ್ಕೆ ಅಕ್ಕಚ್ಚು ಕೊಡುವ ಕಲ್ಲುಮರಿಗೆಯನ್ನು ತೋರಿಸಿದರು. ಅದರಲ್ಲಿ ಬಟ್ಟೆಗೆ ಹಾಕುವ ನೀಲಿ ಕದಡಿದ ಬಾವಿನೀರಿತ್ತು. ಹಂಡೆಯ ಬಿಸಿನೀರನ್ನು ಅಡಿಕೆ ಹಾಳೆಯ ಮೇಲಿಂದ ಮೆಲ್ಲಗೆ ಹರಿಯಬಿಟ್ಟರು. ಕೆಳಗೆ ನೀಲಿ, ಮೇಲೆ ತಿಳಿ, ಎರಡೂ ಒಂದನ್ನೊಂದು ಮುಟ್ಟದೆ ನಿಂತವು.

"ಇದು ಈಗಿನ ಕೆರೆ. ಅಡಿಯಲ್ಲಿ ಎಲೆ ಕೊಳೆತ ಕೆಟ್ಟ ನೀರು. ಈಗ ಮಳೆ ನೋಡಿ," ಎಂದು ತಂಬಿಗೆಯಿಂದ ತಣ್ಣೀರು ಚಿಮುಕಿಸಿದರು. ಮೇಲಿನ ತಿಳಿ ಕುಸಿಯಿತು, ನೀಲಿ ಮೇಲೆದ್ದು ಬಂತು, ಕ್ಷಣದಲ್ಲಿ ಮರಿಗೆಯೆಲ್ಲ ನೀಲಿ. "ಒಂದು ಜೋರು ಮಳೆ ಸಾಕು. ಮೀನಿಗೆ ಉಸಿರಿಲ್ಲ."

ಮರಗಳಿದ್ದಾಗ ಮೊದಲ ಮಳೆ ಯಾವತ್ತು ಬಂದರೂ ಕೆರೆಗೆ ಏನೂ ಆಗುತ್ತಿರಲಿಲ್ಲ. ಈ ಸಲ ಪತ್ತನಾಜೆಗೆ ಮೊದಲೇ ಮಳೆ ಬಂದರೆ ಮೀನೆಲ್ಲ ಹೋಯಿತು. ಉಳಿದದ್ದು ಒಂದೇ ದಾರಿ, ಪತ್ತನಾಜೆಗೆ ಕಾಯದೆ ಮುಂಚೆಯೇ ಬಲೆ ಹಾಕುವುದು. ಪತ್ತನಾಜೆಗೆ ಇನ್ನು ಆರು ದಿನ ಇತ್ತು.

ದಿನ ನಿಶ್ಚಯಿಸುವವರು ಕೆರೆ ಮೇಲಿನ ಮನೆಯ ಸಂಜೀವ ಶೆಟ್ಟರು. ಊರವರೊಡನೆಲ್ಲ ತುಳು ಮಾತಾಡುವವರು, ಮಾಸ್ತರರೆಂದರೆ ಗೌರವದಿಂದ ಕನ್ನಡಕ್ಕೆ ತಿರುಗುತ್ತಿದ್ದರು. ಅವರ ಚಾವಡಿಯಲ್ಲಿ ನಾನು ಹಾಳೆ ಬಿಡಿಸಿ ಹಿಡಿದೆ. ಅದ್ರಾಮ ಅಂಗಳದಲ್ಲಿ ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಶೆಟ್ಟರು ಎಲ್ಲ ಕೇಳಿ, ಚುಕ್ಕೆಗೆರೆಯ ಮೇಲೆ ಬೆರಳಿಟ್ಟರು.

"ಇಲ್ಲಿಂದ ಗೆರೆ ಯಾಕೆ ತುಂಡು ತುಂಡು ಮಾಸ್ಟ್ರೇ?"

"ಅದು ಆಗಬಹುದಾದದ್ದು. ಆದದ್ದಲ್ಲ."

"ದಿನ ಬದಲಿಸುದು ಅಂದ್ರೆ ಸಣ್ಣ ಸಂಗತಿ ಅಲ್ಲ. ಆದರೂ ನೀವು ಖಂಡಿತ ಅಂತ ಒಂದು ಮಾತು ಹೇಳಿ, ನಾಳೆಯೇ ಬಲೆ ಹಾಕಿಸುವ. ಊರಿಗೆ ನಾನು ಜವಾಬು ಕೊಡ್ತೇನೆ."

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಅವರ ಪುಸ್ತಕದಲ್ಲಿ ಹತ್ತು ವರ್ಷದ ಮಳೆ ಇತ್ತು. ಏಳು ಸಲ ಪತ್ತನಾಜೆಗೆ ಮೊದಲು ಬಂದದ್ದು, ಮೂರು ಸಲ ಆಮೇಲೆ.

"ಹತ್ತರಲ್ಲಿ ಏಳು," ಎಂದರು.

"ಉಳಿದ ಮೂರು?"

"ಅದು ನನಗೆ ಗೊತ್ತಿಲ್ಲ."

ನಾನು ಮಾಸ್ತರರನ್ನು ಮೊಣಕೈಯಿಂದ ತಿವಿದೆ. ಅಂಗಳದಿಂದ ಅದ್ರಾಮ, "ಒಂದು ಮಾತು ಹೇಳಿಬಿಡಿ ಮಾಸ್ಟ್ರೇ," ಎಂದ. ಬೇಡುವ ದನಿ ಅದು. ಮಾಸ್ತರರು ಅವನನ್ನು ನೋಡಿದರು, ಹಾಳೆಯನ್ನು ನೋಡಿದರು. ಬಾಯಿ ತೆರೆದರು ಸಹ. ನನಗೆ ಈಗಲೂ ಅನಿಸುತ್ತದೆ, ಆ ಮಾತು ಅವರ ಗಂಟಲಿನ ತನಕ ಬಂದಿತ್ತು.

"ಗೊತ್ತಿಲ್ಲದ್ದನ್ನು ಗೊತ್ತುಂಟು ಅಂತ ಹೇಗೆ ಹೇಳುದು ಶೆಟ್ರೇ?" ಎಂದರು.

ಶೆಟ್ಟರು ಕೆಟ್ಟವರಲ್ಲ. ಬೆಲ್ಲ ನೀರು ಕೊಟ್ಟು, "ಹಾಗಾದರೆ ಪತ್ತನಾಜೆಯೇ ಇರಲಿ, ನೋಡುವ," ಎಂದು ಕಳಿಸಿದರು. ದಾರಿಯುದ್ದಕ್ಕೂ ನಾನು ಮಾಸ್ತರರನ್ನು ಬೈದೆ. ಆಮೇಲಿನ ದಿನಗಳಲ್ಲಿ ನಾವು ಮೂವರೂ ಮಾಡಿದ ಕೆಲಸ ಆಕಾಶ ನೋಡಿದ್ದು ಮಾತ್ರ.

ನಾಲ್ಕನೆಯ ದಿನ ಸಂಜೆ ಗುಡುಗು ಸಮೇತ ಮಳೆ ಹೊಡೆಯಿತು. ಬೆಳಿಗ್ಗೆ ಹೋಗಿ ನೋಡಿದರೆ ಕೆರೆಯ ತುಂಬ ಬಿಳಿ ಹೊಟ್ಟೆಗಳು. ಕೆಲವು ಇನ್ನೂ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಅದ್ರಾಮ ಸೊಂಟದವರೆಗಿನ ನೀರಿನಲ್ಲಿ ನಿಂತು ಬುಟ್ಟಿಗೆ ತುಂಬುತ್ತಿದ್ದ. ಜನ್ಮದಲ್ಲಿ ಮೀನು ಮುಟ್ಟದ ಮಾಸ್ತರರು ಕೋಟಿನ ಸಮೇತ ನೀರಿಗಿಳಿದು ಎರಡೂ ಕೈಯಿಂದ ಬಾಚತೊಡಗಿದರು. ಅದ್ರಾಮ, "ಬಿಡಿ ಮಾಸ್ಟ್ರೇ. ನೀವು ಹೇಳಿದ್ದೀರಿ, ನಾವು ಕೇಳ್ಲಿಲ್ಲ," ಎಂದ. ಅವನು ಬೈದಿದ್ದರೆ ಒಳ್ಳೆಯದಿತ್ತು.

ಅವತ್ತೇ ಅವರು ಕೊನೆಯ ಬಾರಿ ಬಾಟ್ಲಿ ಇಳಿಸಿದ್ದು. ಮೇಲೆ, ಕೆಳಗೆ ಬಿಸಿ ಒಂದೇ ಆಗಿತ್ತು. ಅದಕ್ಕೆ ಹಾಳೆಯಲ್ಲಿ ತುಂಬುಗೆರೆ ಎಳೆಯಲು ನನಗೆ ಹೇಳಿದರು. ಗೆರೆ ಹಳೆಯ ಚುಕ್ಕೆಗಳ ಮೇಲೆಯೇ ಕೂತಿತು, ಒಂದು ಕೂದಲೆಳೆಯೂ ತಪ್ಪದೆ. ಕೆಂಪು ಪೆನ್ಸಿಲು ಬೇಕಾಗಲೇ ಇಲ್ಲ. ಮಾಸ್ತರರು ಹಾಳೆಯನ್ನು ಬೋರಲು ಹಾಕಿದರು.

"ಗೊತ್ತಿದ್ದವರು ಗಟ್ಟಿಯಾಗಿ ಹೇಳಬೇಕಿತ್ತು," ಎಂದು ಊರು ಮಾತಾಡಿಕೊಂಡಿತು. ಕೆಟ್ಟ ನೀರಿನಲ್ಲಿ ಸತ್ತ ಮೀನನ್ನು ಯಾರೂ ಕೊಳ್ಳಲಿಲ್ಲ. ಅದ್ರಾಮನ ಮನೆಯವರು ಆ ಮಳೆಗಾಲ ಹೇಗೆ ಉಂಡರೋ! ಮಾಸ್ತರರು ಕಳಿಸಿದ ಅಕ್ಕಿಯನ್ನು ಅವನು ಕೈಮುಗಿದು ಹಿಂದೆ ಕಳಿಸಿದ. ತೆಪ್ಪ ದಡದಲ್ಲೇ ಕೊಳೆಯಿತು.

ನಿವೃತ್ತರಾಗಿ ಅವರು ಮುಂಡಾಜೆಯಲ್ಲಿ ತಂಗಿಯ ಮನೆ ಸೇರಿದರು. ನನಗೆ ಬಂಟ್ವಾಳಕ್ಕೆ ವರ್ಗವಾಗಿತ್ತು. ಕಾಯಿಲೆ ಜೋರಾಗಿದೆ ಎಂದು ಕೇಳಿ ಮಡಂತ್ಯಾರು ದಾರಿಯ ಬಸ್ಸು ಹಿಡಿದು ಹೋದೆ. ಜಗಲಿಯಲ್ಲಿ ಚಾಪೆಯ ಮೇಲೆ ಮಲಗಿದ್ದರು. ಶಾಲೆಯ ಸುದ್ದಿ ಕೇಳಿದರು, ಮಳೆಯ ಸುದ್ದಿ ಕೇಳಿದರು. ಆಮೇಲೆ ಸೂರು ನೋಡುತ್ತ, "ಅವತ್ತು ಖಂಡಿತ ಅಂತ ಹೇಳಬೇಕಿತ್ತಾ ಡ್ರಾಯಿಂಗ್ ಮಾಸ್ಟ್ರೇ?" ಎಂದರು.

ಅಷ್ಟು ವರ್ಷ ಹೌದು ಎಂದು ಮನಸ್ಸಿನಲ್ಲೇ ವಾದಿಸಿದವನಿಗೆ ಆಗ ಹೌದು ಎನ್ನಲೂ ಆಗಲಿಲ್ಲ, ಇಲ್ಲ ಎನ್ನಲೂ ಆಗಲಿಲ್ಲ. ಅವರ ಕೈ ಹಿಡಿದುಕೊಂಡೆ. ಕೈ ಬಿಸಿಯಾಗಿತ್ತು.

ಬಸ್ಸಿನ ಹೊತ್ತಾಯಿತು. "ಬರುವ ತಿಂಗಳು ಪುನಃ ಬರ್ತೇನೆ," ಎಂದು ಎದ್ದೆ.

"ಖಂಡಿತವಾ?"

ಬೇರೆ ಯಾರು ಕೇಳಿದ್ದರೂ ಖಂಡಿತ ಎಂದು ಹೇಳಿ ಬಸ್ಸು ಹತ್ತುತ್ತಿದ್ದೆ.

"ಹತ್ತರಲ್ಲಿ ಏಳು, ಮಾಸ್ಟ್ರೇ."

ಅವರು ನಕ್ಕರು. ಮರ ಕಡಿದ ಬೇಸಗೆಯ ನಂತರ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹದಿನೈದು ದಿನಕ್ಕೆ ಅವರ ತಂಗಿಯ ಕಾರ್ಡು ಬಂತು, ಮಾಸ್ತರರು ಹೋದರೆಂದು. ಆದದ್ದು ಉಳಿದ ಮೂರು.